ಸಂಸದರ ನಡವಳಿಕೆ, ಸಮಿತಿ ಸದಸ್ಯತ್ವ: ಕೇಳೋದಿದ್ರೆ ಇಲ್ಲಿ ಕೇಳಿ

ಕೇಶವಮೂರ್ತಿ: ಸಂಸತ್ತಿನ ಸಮಿತಿ ಶಾಖೇಲಿ ಕೆಲ್ಸ ಮಾಡಿ ರಿಟೈರ್ ಆದವ್ನು. ಗೊತ್ತಿರೋದನ್ನ ಹೇಳ್ತೀನಿ. ದಯವಿಟ್ಟು ಫಾರ್ವರ್ಡ್ ಹಾಕ್ಬೇಡಿ.

ಮಂಜುನಾಥ: ಸಾರ್, 60 ದಿನ ಸದನಕ್ಕೆ ಹೋಗ್ದಿದ್ರೆ ಸೀಟು ತಾನಾಗೇ ಹೋಗುತ್ತಂತೆ, ನಿಜಾನಾ?

ಕೇಶವಮೂರ್ತಿ: ತಾನಾಗೇ ಹೋಗಲ್ಲ. 101(4)ನೇ ವಿಧಿ ಪ್ರಕಾರ ಅನುಮತಿ ಇಲ್ದೆ 60 ದಿನ ಗೈರಾದ್ರೆ ಸದನ ಸೀಟು ಖಾಲಿ ಅಂತ ಘೋಷಿಸಬಹುದು, ಘೋಷಿಸಲೇಬೇಕು ಅಂತಿಲ್ಲ. ಸತತ 4 ದಿನಕ್ಕಿಂತ ಜಾಸ್ತಿ ಮುಂದೂಡಿದ್ರೆ ಆ ದಿನಗಳು ಲೆಕ್ಕಕ್ಕಿಲ್ಲ.

ರೇಖಾ: ಮಂತ್ರಿಗಳು ಸಾರ್ವಜನಿಕ ಲೆಕ್ಕಪತ್ರ ಸಮಿತೀಲಿ ಇರಬಹುದಾ ಸಾರ್?

ಕೇಶವಮೂರ್ತಿ: ಇಲ್ಲ. ಸರ್ಕಾರದ ಖರ್ಚು ಪರಿಶೀಲಿಸೋ ಸಮಿತಿ ಅದು. ಒಟ್ಟು 22 ಜನ, ಲೋಕಸಭೆಯಿಂದ 15, ರಾಜ್ಯಸಭೆಯಿಂದ 7. ಮಧ್ಯೆ ಮಂತ್ರಿ ಆದ್ರೆ ಅವತ್ತಿಂದಲೇ ಹೊರಗೆ.

ಸುಮಾ (ಹೆಸ್ರು ಬದಲಿಸಿದೀನಿ): ಸಾರ್, ಒಬ್ರು ಲೋಕಸಭಾ ಸದಸ್ಯರ ಆಫೀಸಿಗೆ ಸೇರಿ ಮೂರು ತಿಂಗ್ಳಾಯ್ತು. ಸಾಹೇಬ್ರು ಸ್ಥಾಯಿ ಸಮಿತೀಲಿದಾರೆ, ಸಮಿತಿ ಈಗ ನೋಡ್ತಿರೋ ವಿಷಯದಲ್ಲೇ ಅವ್ರ ಮನೆಯವ್ರದ್ದೊಂದು ಕಂಪನಿ ಇದೆ. ನಿನ್ನೆ ಕರಡು ವರದಿನೂ ತಮ್ಮ ಸಂಸತ್ ಪೋರ್ಟಲ್ ಪಾಸ್‌ವರ್ಡೂ ಕೊಟ್ಟು, ಫೋಟೋ ತೆಗ್ದು ಅಕೌಂಟೆಂಟಿಗೆ ಕಳ್ಸಮ್ಮ ಅಂದ್ರು. 14 ಪುಟ ತೆಗೆದೆ, ಯಾಕೋ ಕೈ ನಡುಗ್ತು, ಕಳಿಸಿಲ್ಲ.

ಕೇಶವಮೂರ್ತಿ: ಕಳಿಸ್ಬೇಡಮ್ಮ. ಉಳಿದೋರು ಸ್ವಲ್ಪ ಕಾಯಿರಿ. ಸಮಿತಿ ಮುಂದೆ ಬಂದ ಸಾಕ್ಷ್ಯ, ಕರಡು ವರದಿ, ಇವೆಲ್ಲ ಸದನದಲ್ಲಿ ಮಂಡಿಸೋ ತನಕ ಗೋಪ್ಯ, ಹೊರಗೆ ಹೋದ್ರೆ ಹಕ್ಕುಚ್ಯುತಿ, ಅಂದ್ರೆ ಸದನದ ಹಕ್ಕಿಗೇ ಧಕ್ಕೆ, ಅದ್ರಲ್ಲಿ ಸಾಹೇಬ್ರ ಜೊತೆ ನೀನೂ ಸಿಕ್ಕಾಕೋತೀಯ. ಪಾಸ್‌ವರ್ಡ್ ವಿಷ್ಯ ಇನ್ನೂ ಕೆಟ್ಟದ್ದು. 2023ರ ಡಿಸೆಂಬರ್ 8ಕ್ಕೆ ಲೋಕಸಭೆ ತೃಣಮೂಲ ಸಂಸದೆ ಮಹುವಾ ಮೊಯಿತ್ರಾ ಅವ್ರನ್ನ ಉಚ್ಚಾಟನೆ ಮಾಡ್ತಲ್ಲ, ಸದಸ್ಯರ ನಡತೆ ನೋಡೋ ನೈತಿಕ ಸಮಿತಿ ವರದಿ ಮೇಲೆ, ಅಲ್ಲಿ ಲಾಗಿನ್ ಬೇರೆಯವ್ರಿಗೆ ಕೊಟ್ಟಿದ್ದೇ ದೊಡ್ಡ ವಿಷಯ ಆಯ್ತು, ಪ್ರಶ್ನೆ ಕೇಳೋಕೆ ದುಡ್ಡು ತಗೊಂಡಿಲ್ಲ ಅಂತ ಅವ್ರು ಹೇಳಿದ್ರೂ. ಇನ್ನು ಕಂಪನಿ. ರೈತ ಸದಸ್ಯ ಕೃಷಿ ಸಮಿತೀಲಿ ಕೂತ್ರೆ ತಪ್ಪಲ್ಲ, ಅದು ಒಂದು ವರ್ಗಕ್ಕೇ ಸೇರಿದ ಹಿತ. ತನ್ನದೇ ಅನ್ನೋ ನೇರ ಹಣದ ಹಿತ ಇದ್ರೆ ಲೋಕಸಭೆ ನಿಯಮ 255ರಲ್ಲಿ ಆಕ್ಷೇಪ ಎತ್ತಬಹುದು, ತೀರ್ಮಾನ ಸ್ಪೀಕರದ್ದು. ನನ್ ಕಾಲದಲ್ಲಿ ಒಬ್ರು ಸದಸ್ಯರು ತಾವಾಗೇ ಎದ್ದು "ಇದ್ರಲ್ಲಿ ನನ್ ತಮ್ಮನ ಪಾಲಿದೆ" ಅಂತ ಹೇಳಿ ಹೊರಗೆ ಹೋಗಿ ಕೂತ್ರು, ಟೀ ಲೋಟ ಟೇಬಲ್ ಮೇಲೇ ಉಳೀತು. ನಿಮ್ ಸಾಹೇಬ್ರಿಗೂ ಅದೇ ದಾರಿ. ಕಾಗದ ವಾಪಸ್ ಕೊಡು, ಆಗಲ್ಲ ಸಾರ್ ಅಂತ ಮೆಸೇಜಲ್ಲೇ ಬರಿ.

ಬಸವರಾಜ: 🙏🙏 1000 ಸಹಿ ಹಾಕಿ ಸ್ಪೀಕರಿಗೆ ಕಳಿಸಿದ್ರೆ 30 ದಿನದಲ್ಲಿ ಸಂಸದರ ಸದಸ್ಯತ್ವ ರದ್ದು! ಎಲ್ರಿಗೂ ಶೇರ್ ಮಾಡಿ

ಕೇಶವಮೂರ್ತಿ: ಮೊದಲ್ನೇ ಸಾಲಲ್ಲೇ ಬೇಡ ಅಂದಿದ್ದೆ. ಸಂಸದರನ್ನ ವಾಪಸ್ ಕರೆಸೋ ಕಾನೂನೇ ನಮ್ಮಲ್ಲಿಲ್ಲ. ನೈತಿಕ ಸಮಿತಿಗೆ ದೂರು ಕೊಡ್ಬೇಕಾದ್ರೆ ಲೋಕಸಭಾ ಸದಸ್ಯರೊಬ್ರ ಮೂಲಕ ಹೋಗ್ಬೇಕು, ಅಫಿಡವಿಟ್ ಬೇಕು, ಪುರಾವೆ ಬೇಕು, ಪೇಪರ್ ಕಟಿಂಗ್ ಒಂದೇ ಸಾಲಲ್ಲ.

ಬಸವರಾಜ: ಒಳ್ಳೇದಕ್ಕೇ ಹಾಕಿದ್ದು ಸಾರ್.

ಗಿರೀಶ: ಶಿಸ್ತು ಅಂತೀರಿ, 2023ರ ಚಳಿಗಾಲದ ಅಧಿವೇಶನದಲ್ಲಿ ಎರಡೂ ಸದನ ಸೇರಿ 146 ಜನ ಸಸ್ಪೆಂಡ್! ಇದು ಶಿಸ್ತಾ?

ನಾಗೇಶ: ಪ್ಲಕಾರ್ಡ್ ಹಿಡ್ದು ಸ್ಪೀಕರ್ ಮುಂದಿನ ಸದನದ ಬಾವಿಗಿಳಿದ್ರೆ ಪೂಜೆ ಮಾಡ್ಬೇಕಿತ್ತಾ?

ಗಿರೀಶ: ಸಂಸತ್ತಿನ ಭದ್ರತಾ ಲೋಪದ ಬಗ್ಗೆ ಗೃಹಮಂತ್ರಿ ಹೇಳಿಕೆ ಕೇಳಿದ್ದು ತಪ್ಪಾ? ನಿಮ್ಮೋರು ವಿರೋಧ ಪಕ್ಷದಲ್ಲಿದ್ದಾಗ ಏನ್ ಮಾಡ್ತಿದ್ರು ನೆನಪಿದ್ಯಾ?

ನಾಗೇಶ: ನಿಮ್ಮೋರು ಅಂದ್ರೆ ಯಾರು ಸ್ವಾಮಿ? ನನ್ ಪಕ್ಷ ನಿಮಗೆ ಹೆಂಗ್ ಗೊತ್ತು?

ಶಿವಲೀಲಾ: ಸಾರ್, ಪಕ್ಷ ವಿಪ್ (ಹೀಗೇ ಮತ ಹಾಕಿ ಅನ್ನೋ ಆದೇಶ) ಕೊಟ್ಟಾಗ ಸ್ಥಾಯಿ ಸಮಿತೀಲಿ ಬೇರೆ ಅಭಿಪ್ರಾಯ ಹೇಳಬಹುದಾ?

ಗಿರೀಶ: ನಾಗೇಶ, ನಿಮ್ ಡಿಪಿ ನೋಡಿದ್ರೆ ಗೊತ್ತಾಗುತ್ತೆ ಬಿಡಿ.

ಕೇಶವಮೂರ್ತಿ: ಇಬ್ರೂ ಹೊರಗಡೆ ಹೋಗಿ ಜಗಳ ಆಡಿ.

ಲೋಕೇಶ: 60 ದಿನ ಬರ್ದಿದ್ರೆ ಸೀಟು ಹೋಗುತ್ತಾ ಸಾರ್?

ಕೇಶವಮೂರ್ತಿ: ಮೇಲೆ ಓದಿ.

ಲೋಕೇಶ: ಒಂದ್ ಸಾಲು ಹೇಳಿದ್ರೆ ಏನ್ ಗಂಟು ಹೋಗುತ್ತೆ?

ಸುಮಾ: ಸಾರ್, ಕಾಗದ ವಾಪಸ್ ಕೊಟ್ಟೆ. ಫೋಟೋ ಡಿಲೀಟ್ ಮಾಡಿದೀನಿ.

ಕೇಶವಮೂರ್ತಿ: ಫೋನಿನ ಬ್ಯಾಕಪ್ ಆನ್ ಇತ್ತಾ? ಅಲ್ಲೂ ಇರುತ್ತೆ, ನೋಡಮ್ಮ.