ತಂಡದ ‘ಇಂಟ್ರೊ’ ನಿಲ್ಲಿಸಬೇಕು. ನನ್ನ ಫೋನಿನಲ್ಲಿರುವ ವಿಡಿಯೊ ಏನು ಮಾಡಲಿ?

ಪ್ರಶ್ನೆ: ರಾಯಚೂರು ಫೈನಲ್ ಇಯರ್

ನಾನು ರಾಯಚೂರಿನಲ್ಲಿ ಬಿಎ ಕೊನೆಯ ವರ್ಷ ಓದುತ್ತಿದ್ದೇನೆ. ನಮ್ಮ ಕಾಲೇಜಿನ ಬೀದಿ ನಾಟಕ ತಂಡಕ್ಕೆ ಈ ವರ್ಷ ನಾನೇ ಲೀಡರ್. 22 ಜನ ಇದ್ದೇವೆ. ಹಾಡು, ಹಲಗೆ (ಚರ್ಮದ ವಾದ್ಯ), ನಾಟಕ ಎಲ್ಲಾ ನಾವೇ. ಬಾಲ್ಯವಿವಾಹದ ಬಗ್ಗೆ, ಗುಳೆ ಹೋಗುವವರ ಮಕ್ಕಳ ಓದಿನ ಬಗ್ಗೆ ಹಳ್ಳಿಗಳಲ್ಲಿ ನಾಟಕ ಆಡಿದ್ದೇವೆ. ನಾಲ್ಕು ಜನರ ಮುಂದೆ ಬಾಯಿ ಬಿಡದ ನನಗೆ ಮಾತು ಕಲಿಸಿದ್ದೇ ಈ ತಂಡ. ಅದಕ್ಕೇ ಇದನ್ನು ಬರೆಯುವುದು ಕಷ್ಟವಾಗುತ್ತಿದೆ.

ಹೊಸಬರು ಸೇರಿದಾಗ ನಮ್ಮಲ್ಲಿ ‘ಇಂಟ್ರೊ’ ಅಂತ ಒಂದು ನಡೆಯುತ್ತದೆ. ಪ್ರಾಕ್ಟೀಸ್ ಮುಗಿದು, ಸರ್ ಮನೆಗೆ ಹೋದ ಮೇಲೆ, ರೂಮಿನ ಬಾಗಿಲು ಹಾಕಿಕೊಂಡು ಮಾಡುತ್ತಾರೆ. ಹೊಸಬರು ತಲೆ ತಗ್ಗಿಸಿ ಅಂಗಿಯ ಮೂರನೇ ಗುಂಡಿ ನೋಡುತ್ತಾ ನಿಲ್ಲಬೇಕು. ಹೆಸರು, ಊರು, ಅಪ್ಪನ ಕೆಲಸ ಹೇಳಬೇಕು. ತಡವರಿಸಿದರೆ ಬಸ್ಕಿ. ಆಮೇಲೆ ತೀನ್ ಕಂದೀಲ್ ಕಡೆ ಹೋಗಿ ಎಲ್ಲರಿಗೂ ಮಿರ್ಚಿ, ಚಹಾ ಕೊಡಿಸಬೇಕು. ಒಂದು ತಿಂಗಳು ಸೀನಿಯರ್‌ಗಳ ಅಸೈನ್‌ಮೆಂಟ್ ಬರೆಯಬೇಕು. ಮೊದಲ ವರ್ಷ ನಾನೂ ಇದನ್ನೆಲ್ಲಾ ಮಾಡಿದೆ. ಆ ರಾತ್ರಿ ಅತ್ತಿದ್ದೆ. ಮರುದಿನ ‘ಈಗ ನೀನು ನಮ್ಮವಳು’ ಅಂದರು. ಅಷ್ಟಕ್ಕೇ ಖುಷಿಯಾಗಿಬಿಟ್ಟೆ.

ಹೋದ ವರ್ಷ ಏಳು ಜನ ಹೊಸಬರು ಬಂದರು. ಒಬ್ಬ ಮಸ್ಕಿ ಕಡೆಯ ಹುಡುಗ. ಅವನ ಹಾಗೆ ಹಲಗೆ ಬಾರಿಸುವವರನ್ನು ನಾನು ನೋಡಿಲ್ಲ. ತನ್ನದೇ ಹಲಗೆ ತಂದಿದ್ದ, ಅವನ ತಾತನದು. ಕಾಗದ, ಕಡ್ಡಿ ಹಚ್ಚಿ ಅದನ್ನು ಕಾಯಿಸುವಾಗ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಬೆರಳಲ್ಲಿ ಬಡಿಯುವುದು, ಕಿವಿಗೆ ಹಿಡಿಯುವುದು, ಮತ್ತೆ ಬೆಂಕಿಗೆ ತೋರಿಸುವುದು.

ಇಂಟ್ರೊ ದಿನ ‘ಅಪ್ಪನ ಕೆಲಸ ಏನು’ ಅಂತ ಕೇಳಿದರು. ಅವನು ಸುಮ್ಮನಿದ್ದ. ‘ಹೇಳೋದು ಬ್ಯಾಡ ಬಿಡು, ಹಲಗಿ ನೋಡಿದ್ರ ಗೊತ್ತಾಗತೈತಿ’ ಅಂದ ಒಬ್ಬ ಸೀನಿಯರ್. ಎಲ್ಲರೂ ನಕ್ಕರು. ಆಮೇಲೆ ಹಲಗೆಯನ್ನು ಅವನ ಹೆಗಲಿಗೆ ಹಾಕಿಸಿ, ‘ಗೌಡರ ಮನಿ ಮುಂದ ಹ್ಯಾಂಗ ಬಾರಸ್ತೀರಿ, ಹಂಗ ಬಗ್ಗಿ ಬಾರಸು’ ಅಂದರು. ಅವನು ಬಾರಿಸಿದ. ಮುಖದಲ್ಲಿ ನಗು ಇತ್ತು. ಆ ನಗು ನೋಡಿ ಅವನಿಗೂ ಒಪ್ಪಿಗೆ ಇದೆ ಅಂದುಕೊಂಡೆ. ವಿಡಿಯೊ ಮಾಡಿದ್ದು ನಾನು. 2 ನಿಮಿಷ 40 ಸೆಕೆಂಡ್ ಇದೆ. ಫೋನ್ ನನ್ನ ಕೈಯಲ್ಲಿತ್ತು, ಅದಕ್ಕೆ ನನ್ನ ನಗುವೇ ಎಲ್ಲರಿಗಿಂತ ಜೋರಾಗಿ ಕೇಳುತ್ತದೆ.

ಮರುದಿನದಿಂದ ಅವನು ಪ್ರಾಕ್ಟೀಸ್‌ಗೆ ಬರಲಿಲ್ಲ. ದಸರಾ ರಜೆ ಆದ ಮೇಲೆ ಕಾಲೇಜಿಗೂ ಬರಲಿಲ್ಲ. ಹಲಗೆ ಇನ್ನೂ ನಮ್ಮ ರೂಮಿನ ಮೂಲೆಯಲ್ಲೇ ಇದೆ.

ಈ ವರ್ಷ ಒಂಬತ್ತು ಜನ ಸೇರಿದ್ದಾರೆ. ಶನಿವಾರ ಇಂಟ್ರೊ ಇಡೋಣ ಅಂತ ಗ್ರೂಪ್‌ನಲ್ಲಿ ಮೆಸೇಜ್ ಬಂದಿದೆ. ನಾನು ಬೇಡ ಅಂದೆ. ‘ನಾವೆಲ್ಲಾ ಮಾಡಿಸಿಕೊಂಡಿಲ್ವಾ, ಲೀಡರ್ ಆದ ಮೇಲೆ ದೊಡ್ಡಾಕಿ ಆದಿ’ ಅಂದರು. ತಂಡ ಒಡೆಯದ ಹಾಗೆ ಇದನ್ನು ಹೇಗೆ ನಿಲ್ಲಿಸಲಿ? ಹೋದ ವರ್ಷದ್ದಕ್ಕೆ ಈಗ ಏನಾದರೂ ಮಾಡಬಹುದಾ? ಆ ವಿಡಿಯೊ ಡಿಲೀಟ್ ಮಾಡಲಾ? ದಿನಾ ರಾತ್ರಿ ಅದನ್ನು ತೆಗೆದು ನೋಡುತ್ತೇನೆ, ಮುಚ್ಚುತ್ತೇನೆ.

ಉತ್ತರ: ಕೊಪ್ಪಳದ ಅಣ್ಣ

ತಂಗಿ, ನಾನು ಕೊಪ್ಪಳದವನು. ಡಿಪ್ಲೊಮಾ ಓದುವಾಗ ನಮ್ಮ ಹಾಸ್ಟೆಲ್‌ನಲ್ಲಿ ಹುಡುಗರದ್ದೇ ಒಂದು ಸಂಘ ಇತ್ತು. ಸೇರಬೇಕಾದರೆ ಪಾರ್ಟಿಗೆ 1,200 ರೂಪಾಯಿ ಕೊಡಬೇಕಿತ್ತು. ಪುಸ್ತಕಕ್ಕೆ ಅಂತ ಅಪ್ಪನಿಗೆ ಸುಳ್ಳು ಹೇಳಿದೆ. ಗೊಬ್ಬರಕ್ಕೆ ಇಟ್ಟಿದ್ದ ದುಡ್ಡಲ್ಲಿ ತೆಗೆದುಕೊಟ್ಟರು. ಆ ರಾತ್ರಿ ಏನೇನು ಮಾಡಿಸಿದರು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ನನ್ನ ಹೆಂಡತಿಗೂ ಹೇಳಿಲ್ಲ.

ನಾನೂ ನಕ್ಕಿದ್ದೆ. ಅಳುವವನಿಗೆ, ಸಿಟ್ಟಾಗುವವನಿಗೆ ಇನ್ನೂ ಜಾಸ್ತಿ ಮಾಡುತ್ತಾರೆ ಅಂತ ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಗುತ್ತದೆ. ಅದಕ್ಕೆ ನಗುತ್ತೇವೆ. ಬೇಗ ಮುಗಿಯಲಿ ಅಂತ.

ಆ ಹುಡುಗನಿಗೆ ಫೋನ್ ಮಾಡು. ಆದರೆ ಅವನ ಬಾಯಲ್ಲಿ ‘ಇರಲಿ ಬಿಡಕ್ಕ’ ಅನ್ನಿಸಿಕೊಂಡು ಹಗುರಾಗಲು ಮಾಡಬೇಡ. ನೀನು ಮಾಡಿದ್ದನ್ನು ನೀನೇ ಬಾಯಿಬಿಟ್ಟು ಹೇಳು. ಅವನಿಗೆ ಏನು ಬೇಕು ಅಂತ ಕೇಳು. ಅವನು ಬೈದರೆ ಬೈಸಿಕೋ. ಫೋನ್ ಇಟ್ಟರೆ ತಿರುಗಿ ಮಾಡಬೇಡ, ಒಂದು ಮೆಸೇಜ್ ಬರೆದು ಬಿಡು. ನನಗೆ ಇಷ್ಟು ವರ್ಷದಲ್ಲಿ ಒಬ್ಬನೂ ಫೋನ್ ಮಾಡಿಲ್ಲ.

ಉತ್ತರ: ಬಳ್ಳಾರಿ ಮೇಡಂ

ನಾನು ಬಳ್ಳಾರಿಯಲ್ಲಿ ಲೆಕ್ಚರರ್. ನಮ್ಮ ಕಾಲೇಜಿನ ಆ್ಯಂಟಿ ರ್‍ಯಾಗಿಂಗ್ ಸ್ಕ್ವಾಡ್‌ನಲ್ಲಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಮ್ಮ.

ಮೊದಲು ವಿಡಿಯೊ. ಡಿಲೀಟ್ ಮಾಡಬೇಡ. ಯಾರಿಗೂ ಕಳಿಸಲೂ ಬೇಡ. ಅದು ಸಾಕ್ಷಿ. ಕಾಲೇಜಿನ ಕಮಿಟಿ ಕೇಳಿದರೆ ಕೊಡಬೇಕಾದದ್ದು. ಅದು ನಿನ್ನ ಮೇಲೂ ಬರಬಹುದು ಅನ್ನುವುದನ್ನು ಮುಚ್ಚಿಡುವುದಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2009ರ ನಿಯಮದಲ್ಲಿ ಮಾಡಿದವರ ಜೊತೆ ಕುಮ್ಮಕ್ಕು ಕೊಟ್ಟವರೂ ಸೇರುತ್ತಾರೆ. ಆದರೂ ನೀನಾಗಿ ಹೋಗಿ ಹೇಳುವುದಕ್ಕೂ ಯಾರೋ ಹಿಡಿದು ಕೇಳಿದಾಗ ಹೇಳುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಅದೇ ನಿಯಮದ ಪ್ರಕಾರ ಹೊಡೆದರೆ ಮಾತ್ರ ರ್‍ಯಾಗಿಂಗ್ ಅಲ್ಲ. ಜೂನಿಯರ್ ಕೈಲಿ ತನ್ನ ಅಸೈನ್‌ಮೆಂಟ್ ಬರೆಸುವುದು, ಅವನ ಮೇಲೆ ಖರ್ಚು ಹೊರಿಸುವುದು, ಎರಡೂ ಅದರಲ್ಲಿ ಹೆಸರು ಹಿಡಿದೇ ಇವೆ. ಅಂದರೆ ನಿಮ್ಮ ಮಿರ್ಚಿ ಲೆಕ್ಕವೂ ಬಂತು. 2016ರ ತಿದ್ದುಪಡಿಯಲ್ಲಿ ಜಾತಿ, ಧರ್ಮ, ಬಣ್ಣ, ಭಾಷೆ, ಹುಟ್ಟಿದ ಊರು, ಮನೆಯ ಬಡತನ ಹಿಡಿದು ಹಿಂಸೆ ಕೊಡುವುದನ್ನೂ ಸೇರಿಸಿದರು. ‘ಬಗ್ಗಿ ಬಾರಿಸು’ ಅಂದದ್ದು ಬರೀ ಇಂಟ್ರೊ ಅಲ್ಲ. ಹುಡುಗ ಪರಿಶಿಷ್ಟ ಜಾತಿಯವನಾಗಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆಯೂ ಬರಬಹುದು. ನಿಮ್ಮ ಗೆಳೆಯರಿಗೆ ಇದು ಗೊತ್ತಿರಲಿಕ್ಕಿಲ್ಲ. ಹೇಳು.

ನಮ್ಮ ರಾಜ್ಯದ್ದೇ ಕಾನೂನೂ ಇದೆ. ಕರ್ನಾಟಕ ಶಿಕ್ಷಣ ಕಾಯ್ದೆ, 1983. ಅದರ 116ನೇ ಕಲಮಿನಲ್ಲಿ ರ್‍ಯಾಗಿಂಗ್‌ಗೆ ಒಂದು ವರ್ಷದವರೆಗೆ ಜೈಲು, 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ದಂಡ ಸಣ್ಣದು ಅನ್ನಿಸಬಹುದು. ಆದರೆ ಪೊಲೀಸ್ ಕೇಸ್ ಬಿದ್ದ ಮೇಲೆ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವಾಗ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ. ಕಾಲೇಜು ಕೊಡುವ ಶಿಕ್ಷೆ ಬೇರೆ. ಸ್ಕಾಲರ್‌ಶಿಪ್ ತಡೆಯಬಹುದು, ಪರೀಕ್ಷೆಗೆ ಕೂರಿಸದೆ ಇರಬಹುದು, ಹಾಸ್ಟೆಲ್‌ನಿಂದ ತೆಗೆಯಬಹುದು, ಅಡ್ಮಿಷನ್ ರದ್ದು ಮಾಡಬಹುದು. ಪ್ರತಿ ವರ್ಷ ನೀವೂ ನಿಮ್ಮ ಅಪ್ಪ ಅವ್ವನೂ ‘ರ್‍ಯಾಗಿಂಗ್ ಮಾಡುವುದಿಲ್ಲ’ ಅಂತ ಮುಚ್ಚಳಿಕೆ ಕೊಡುತ್ತೀರಲ್ಲ, ಅದರಲ್ಲಿ ಇದೆಲ್ಲಾ ಒಪ್ಪಿರುತ್ತೀರಿ. ಓದದೆ ಒತ್ತಿಬಿಡುತ್ತೀರಿ, ಅಷ್ಟೆ.

ಈಗ ಶನಿವಾರದ ವಿಷಯ. ಅಲ್ಲಿವರೆಗೆ ಕಾಯಬೇಡ. ನಾಳೆಯೇ ಪ್ರಿನ್ಸಿಪಾಲರಿಗೆ, ತಂಡ ನೋಡಿಕೊಳ್ಳುವ ಸರ್‌ಗೆ ಕೈಬರಹದಲ್ಲಿ ಒಂದು ಪತ್ರ ಕೊಡು. ಗ್ರೂಪ್ ಮೆಸೇಜ್‌ನ ಸ್ಕ್ರೀನ್‌ಶಾಟ್ ಜೊತೆಗಿಡು. ಸೀನಿಯರ್‌ಗಳು ವಾಟ್ಸಾಪ್ ಗ್ರೂಪ್ ಮಾಡಿ ಜೂನಿಯರ್‌ಗಳಿಗೆ ಕಾಟ ಕೊಡುವುದೂ ರ್‍ಯಾಗಿಂಗ್ ಅಂತ ಯುಜಿಸಿ 2025ರಲ್ಲಿ ಕಾಲೇಜುಗಳಿಗೆ ಹೇಳಿದೆ. ಪತ್ರ ತಲುಪಿದ್ದಕ್ಕೆ ಸಹಿ ತೆಗೆದುಕೋ. ಅವರು ‘ನೋಡೋಣ’ ಅಂದು ಬಿಟ್ಟರೆ 1800-180-5522ಕ್ಕೆ ಫೋನ್ ಮಾಡು. ಅದು ದೇಶಕ್ಕೆಲ್ಲಾ ಒಂದೇ ಸಹಾಯವಾಣಿ, ಹಗಲೂ ರಾತ್ರಿ ಇರುತ್ತದೆ. ದೂರು ಕೊಟ್ಟವರ ಹೆಸರು ಹೊರಗೆ ಬಿಡಬಾರದು ಅಂತ ನಿಯಮ ಇದೆ. ಮಾಹಿತಿ ಬಂದು, ಅದು ಅಪರಾಧ ಅಂತ ಕಂಡರೆ 24 ಗಂಟೆಯೊಳಗೆ ಎಫ್‌ಐಆರ್ ಮಾಡಿಸುವುದು ಪ್ರಿನ್ಸಿಪಾಲರ ಜವಾಬ್ದಾರಿ. ಹಾಗಾಗಿ ಹೋದ ವರ್ಷದ್ದನ್ನು ಹೇಳುವ ಮುಂಚೆ ಆ ಹುಡುಗನ ಜೊತೆ ಮಾತಾಡು. ಹೇಳಿದರೆ ಮುಂದೆ ಏನಾಗಬಹುದು ಅಂತ ಅವನಿಗೆ ಮೊದಲೇ ಗೊತ್ತಿರಲಿ. ಇನ್ನೊಂದು ಸಲ ಅವನ ಕೈಮೀರಿ ಏನೂ ನಡೆಯಬಾರದು.

ಒಂದು ಮಾತು ನಮ್ಮ ಮೇಲೇ ಹೇಳಿಕೊಳ್ಳಬೇಕು. ನಾವು ಸ್ಕ್ವಾಡ್‌ನವರು ರಾತ್ರಿ ಹಾಸ್ಟೆಲ್ ಸುತ್ತುತ್ತೇವೆ, ಕ್ಯಾಂಟೀನ್ ನೋಡುತ್ತೇವೆ. ಪ್ರಾಕ್ಟೀಸ್ ರೂಮಿಗೆ ಒಂದು ಸಲವೂ ಹೋಗಿರಲಿಲ್ಲ. ನಾಟಕದ ಮಕ್ಕಳು, ಬಹುಮಾನ ತರುವ ಮಕ್ಕಳು ಅಂತ ಬಿಟ್ಟುಬಿಡುತ್ತೇವೆ. ನಿನ್ನ ಪತ್ರದಲ್ಲಿ ಇದನ್ನೂ ಕೇಳು: ರೂಮಿನ ಕೀಲಿಕೈ ಸರ್ ಹತ್ತಿರ ಇರಲಿ, ಪ್ರಾಕ್ಟೀಸ್ ಮುಗಿಯುವ ಹೊತ್ತಿಗೆ ಅವರೇ ನಿಂತು ಬೀಗ ಹಾಕಲಿ. ಸರ್ ಹೋದ ಮೇಲಿನ ಆ ಅರ್ಧ ಗಂಟೆಯಲ್ಲೇ ನಿಮ್ಮಲ್ಲಿ ಎಲ್ಲಾ ನಡೆದಿದೆ.

ಉತ್ತರ: ಹಳೇ ಲೀಡರ್, ಸಿಂಧನೂರು

ಜಾತಿ ಮಾತು ಬಂದದ್ದು ತಪ್ಪು, ಒಪ್ಪುತ್ತೇನೆ. ಆದರೆ ಸಣ್ಣ ತಮಾಷೆಗೂ ಕಾನೂನು ತಂದರೆ ತಂಡ ಕಟ್ಟುವುದು ಹೇಗೆ? ನಮ್ಮ ಬ್ಯಾಚ್‌ನವರು ಇಂದಿಗೂ ಒಬ್ಬರ ಕಷ್ಟಕ್ಕೆ ಒಬ್ಬರು ಓಡಿ ಬರುತ್ತೇವೆ. ಅದು ಆ ರಾತ್ರಿಗಳಿಂದಲೇ ಬಂದದ್ದು. ನಾಚಿಕೆ ಬಿಡದೆ ಬೀದಿಯಲ್ಲಿ ನಾಟಕ ಆಡಲು ಆಗುತ್ತದಾ?

ಉತ್ತರ: ರಾಯಚೂರು ಫೈನಲ್ ಇಯರ್

ಅಣ್ಣಾ, ಓಡಿ ಬರುವವರು ಉಳಿದವರು ಮಾತ್ರ. ಹೋದವರನ್ನು ನೀವು ಎಣಿಸಿಲ್ಲ. ನಾನೂ ಎಣಿಸಿರಲಿಲ್ಲ. ನಿನ್ನೆ ಹಳೆ ಅಟೆಂಡೆನ್ಸ್ ಪುಸ್ತಕ ತೆಗೆದು ನೋಡಿದೆ. ಮೂರು ವರ್ಷದಲ್ಲಿ ಸೇರಿದ ತಿಂಗಳಲ್ಲೇ ಬಿಟ್ಟವರು ಹನ್ನೊಂದು ಜನ.

ನಾಚಿಕೆ ಬಿಟ್ಟದ್ದು ಆ ರಾತ್ರಿಯಿಂದ ಅಲ್ಲ. ಮಾನ್ವಿ ಹತ್ತಿರದ ಹಳ್ಳಿಯಲ್ಲಿ ಮೊದಲ ಸಲ ಆಡಿದಾಗ ನನಗೆ ಮಾತೇ ಮರೆತುಹೋಗಿತ್ತು. ಜೊತೆಯಲ್ಲಿದ್ದ ಅಕ್ಕ ನನ್ನ ಮಾತನ್ನು ತಾನೇ ಹೇಳಿ, ನನ್ನ ಕೈ ಹಿಡಿದು ಮುಂದೆ ತಂದು ನಿಲ್ಲಿಸಿದಳು. ಆಮೇಲೆ ಹೆದರಿಕೆ ಆಗಲಿಲ್ಲ. ಮೇಡಂ ಹೇಳಿದ ಕಾಯ್ದೆ ಹುಡುಕಿ ಓದಿದೆ. ತಮಾಷೆಗೆ ಮಾಡಿಸಿದರೂ ರ್‍ಯಾಗಿಂಗೇ ಅಂತ ಅದರಲ್ಲಿ ಬರೆದೇ ಇದೆ.

ಉತ್ತರ: ರಾಯಚೂರು ಫೈನಲ್ ಇಯರ್ (ಭಾನುವಾರ)

ಕೇಳಿದವರಿಗೆಲ್ಲಾ ಇಲ್ಲೇ ಹೇಳುತ್ತೇನೆ. ಗುರುವಾರ ಪತ್ರ ಕೊಟ್ಟೆ. ಪ್ರಿನ್ಸಿಪಾಲರು ಎರಡು ಸಲ ಓದಿದರು. ಶನಿವಾರ ಸರ್ ಏಳು ಗಂಟೆವರೆಗೂ ನಮ್ಮ ಜೊತೆ ಕೂತಿದ್ದು ಬೀಗ ಹಾಕಿಕೊಂಡು ಹೋದರು. ಇಂಟ್ರೊ ಆಗಲಿಲ್ಲ. ಹೊಸ ಒಂಬತ್ತು ಜನಕ್ಕೂ ಒಬ್ಬೊಬ್ಬ ಎರಡನೇ ವರ್ಷದವರನ್ನು ಜೊತೆ ಮಾಡಿದ್ದೇನೆ, ಹಾಡು ಕಲಿಸಲು. ಎಲ್ಲರೂ ಅವರವರ ಊರಿನ ಒಂದು ಹಾಡು ಹೇಳಿದರು, ಮೊದಲು ಸೀನಿಯರ್‌ಗಳು. ಚಹಾದ ದುಡ್ಡು ತಂಡದ ಡಬ್ಬಿಯಿಂದ ಕೊಟ್ಟೆವು. ಮೂರು ಜನ ಸೀನಿಯರ್‌ಗಳು ಗ್ರೂಪ್ ಬಿಟ್ಟು ಹೋದರು. ಅವರಲ್ಲಿ ಒಬ್ಬಳು ನನ್ನ ರೂಮ್‌ಮೇಟ್. ಎರಡು ದಿನದಿಂದ ನನ್ನ ಜೊತೆ ಊಟಕ್ಕೆ ಬರುತ್ತಿಲ್ಲ.

ಆ ಹುಡುಗನಿಗೆ ಫೋನ್ ಮಾಡಿದೆ. ಸಿಂಧನೂರಿನ ಒಂದು ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ್ದಾನೆ. ನಾನು ಮಾಡಿದ್ದನ್ನು ಹೇಳಿದೆ, ನಗುವನ್ನೂ ಸೇರಿಸಿ. ಅವನು ತುಂಬಾ ಹೊತ್ತು ಏನೂ ಅನ್ನಲಿಲ್ಲ. ಹಿಂದೆ ಮಿಲ್ಲಿನ ಸದ್ದು ಕೇಳುತ್ತಿತ್ತು. ಆಮೇಲೆ ‘ವಿಡಿಯೊ ಮತ್ತ ಯಾರ ಹತ್ರ ಐತಿ’ ಅಂತ ಕೇಳಿದ. ನನ್ನ ಫೋನಿನಲ್ಲಿ ಮಾತ್ರ ಅಂದೆ. ದೂರು ಕೊಟ್ಟರೆ ಏನಾಗುತ್ತದೆ, ಯಾರನ್ನು ಕರೆಯುತ್ತಾರೆ ಅಂತ ಮೇಡಂ ಹೇಳಿದ ಹಾಗೇ ಹೇಳಿದೆ. ಅಪ್ಪನನ್ನು ಕೇಳಿ ಹೇಳುತ್ತೇನೆ ಅಂದ. ಅವನು ಹೂಂ ಅಂದರೆ ಕಮಿಟಿ ಮುಂದೆ ವಿಡಿಯೊ ಇಟ್ಟು, ನಗುತ್ತಿರುವುದು ನಾನೇ ಅಂತ ನಾನೇ ಹೇಳುತ್ತೇನೆ.

ಫೋನ್ ಇಡುವ ಮುಂಚೆ ಹಲಗೆ ಬಗ್ಗೆ ಕೇಳಿದ. ಮಳೆಗಾಲದಲ್ಲಿ ಚರ್ಮ ಹಸಿ ಹಿಡಿದಿದೆ, ಬಡಿದರೆ ದಪ್ ಅನ್ನುತ್ತದೆ ಅಂದೆ. ‘ನೀವು ಕಾಯಸಬ್ಯಾಡ್ರಿ ಅಕ್ಕ, ಜಾಸ್ತಿ ಆದ್ರ ಹರೀತೈತಿ, ನಾನ ಕಾಯಸ್ತೀನಿ’ ಅಂದ. ಹಳೆ ಕಂಬಳಿಯಲ್ಲಿ ಸುತ್ತಿ ಇಟ್ಟಿದ್ದೇನೆ. ನಾಳೆ ಬೆಳಿಗ್ಗೆ ಮೊದಲನೇ ಸಿಂಧನೂರು ಬಸ್ಸಿಗೆ ಹೋಗುತ್ತೇನೆ. ಮಿಲ್ ಗೇಟಿನ ಹತ್ತಿರ ಬಂದು ತೆಗೆದುಕೊಳ್ಳುತ್ತೇನೆ ಅಂದಿದ್ದಾನೆ.