ಅಪ್‌ಡೇಟ್: ಹಳೇ ಹೆಂಚಿನ ಮನೆ ಕೆಡವಲಿಲ್ಲ

ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ನಮ್ಮ ಮಣ್ಣುಗೋಡೆ ಮನೆ ಕೆಡವಿ ಆರ್‌ಸಿಸಿ (ಕಬ್ಬಿಣ ಹಾಕಿದ ಕಾಂಕ್ರೀಟ್) ಮನೆ ಕಟ್ಟೋದಾ, ಇದನ್ನೇ ದೊಡ್ಡದು ಮಾಡೋದಾ ಅಂತ ಕೇಳಿದ್ದೆ ಅಲ್ವಾ? ಉಳಿಸಿಕೊಂಡೆವು. ಮಂಗಳೂರು ಹೆಂಚು ಇಳಿಸಿ, ಉಜ್ಜಿ ತೊಳೆದು, ಗಟ್ಟಿ ಇದ್ದವನ್ನೇ ಮತ್ತೆ ಹೊದಿಸಿದ್ದೇವೆ. ನಡುಮನೆಗೆ ಅಲ್ಲಲ್ಲಿ ಗಾಜಿನ ಹೆಂಚು. ಹಗಲು ಲೈಟೇ ಬೇಡ.

ಗೋಡೆಯದೇ ದೊಡ್ಡ ಕಥೆ. ಹಿಂದೆ ಯಾವಾಗಲೋ ಅದಕ್ಕೆ ಸಿಮೆಂಟ್ ಬಳಿಸಿದ್ದರು. ಮಳೆಗಾಲದ ತೇವ ಹೊರಗೆ ಹೋಗಲಾಗದೆ ಒಳಗಿನ ಮಣ್ಣು ಮೆತ್ತಗಾಗಿತ್ತು. ಕೆತ್ತಿದರೆ ಸಿಮೆಂಟು ಹಪ್ಪಳದ ಹಾಗೆ ಎದ್ದು ಬಂತು. ಈಗ ತೇವ ಹೊರಗೆ ಬಿಡೋ ಸುಣ್ಣದ ಗಾರೆ ಮಾಡಿಸಿದ್ದೇವೆ. ಒಣಗೋಕೆ ಜಾಸ್ತಿ ದಿನ ಬೇಕು, ಮೇಸ್ತ್ರಿ ಗೊಣಗಿದ್ದೇ ಗೊಣಗಿದ್ದು!

ಹಿತ್ತಿಲ ಕಡೆಯ ಹೊಸ ಕೋಣೆಗಳಿಗೆ ಒತ್ತಿದ ಮಣ್ಣಿನ ಇಟ್ಟಿಗೆ. ಸುಡೋದಿಲ್ಲ, ಸ್ವಲ್ಪ ಸಿಮೆಂಟ್ ಬೆರೆಸಿ, ನೀರು ಹೊಡೆದು ಗಟ್ಟಿ ಮಾಡೋದು. ಹೊಸ ತಳಪಾಯ ಸ್ವಲ್ಪ ಕೆಳಗೆ ಕುಸಿದು ಕೂತರೆ ಬಿರುಕು ಬಾರದಿರಲಿ ಅಂತ ಹಳೇ ಗೋಡೆಗೆ ಕಚ್ಚಿಸದೆ ಸಂದು ಬಿಟ್ಟಿದ್ದೇವೆ. ಸೋಲಾರ್ ಮಾತ್ರ ಅಡಿಕೆ ದುಡ್ಡು ಬಂದ ಮೇಲೆ.