ಎತ್ತಿಗೆ ಸಿಂಗಾರನಾ, ಅಲಂಕಾರನಾ?

ಹಳ್ಳಿಹೈದ:
ಸಂಕ್ರಾಂತಿ ದಿನ ಕಿಚ್ಚು ಹಾಯಿಸೋಕ್ ಮುಂಚೆ ಒಂದು ಸ್ಪರ್ಧೆ ಇಡ್ತಿದೀವಿ, ಚೆನ್ನಾಗ್ ರೆಡಿ ಮಾಡ್ಕೊಂಡ್ ಬಂದ ಜೋಡೆತ್ತಿಗೆ ಬಹುಮಾನ. ಫ್ಲೆಕ್ಸ್‌ನಲ್ಲಿ "ಸಿಂಗಾರ ಸ್ಪರ್ಧೆ" ಅಂತ ಹಾಕ್ಸೋಣ ಅಂದ್ರೆ ನಮ್ ಹುಡುಗ್ರು ಸಿಂಗಾರ ಹೆಂಗಸರಿಗೆ ಮಾತ್ರ, ಅಲಂಕಾರ ಅಂತ ಹಾಕ್ಸು ಅಂತಾರೆ, ಇನ್ನೊಬ್ಬ "ಶೃಂಗಾರ" ಅಂತ ಬರೆದೇ ಕಳಿಸ್ಬಿಟ್ಟವ್ನೆ. ಪ್ರಿಂಟಿಂಗ್‌ನವ್ರು ಬೆಳಿಗ್ಗೆಯೊಳಗೆ ಹೇಳಿ ಅಂತಿದಾರೆ, ಯಾವ್ದು ಸರಿ?

ಕನ್ನಡ ಮೇಷ್ಟ್ರು:
ಶೃಂಗಾರದ ತದ್ಭವನೇ ಸಿಂಗಾರ, ಆದ್ರೆ ಬಳಕೆಲಿ ದಾರಿ ಬೇರೆ ಆಗಿದೆ. ಶೃಂಗಾರ ಅಂದ್ರೆ ಈಗ ಜನಕ್ಕೆ ನವರಸ, ಪ್ರಣಯ ಅದೇ ನೆನಪಾಗೋದು, ಎತ್ತಿನ ಫ್ಲೆಕ್ಸ್ ಮೇಲೆ ಬೇಡ ಮಾರಾಯ. ಅಲಂಕಾರ ತಪ್ಪೇನಲ್ಲ. ದೀಪಾಲಂಕಾರ, ಹನುಮಂತನಿಗೆ ಬೆಣ್ಣೆ ಅಲಂಕಾರ, ಪದ್ಯದ ಉಪಮೆ ರೂಪಕ ಎಲ್ಲಾ ಅಲಂಕಾರನೇ, ಅಲ್ಲೆಲ್ಲ ಸಿಂಗಾರ ಸೇರಿಸಿದ್ರೆ ಒಪ್ಪಲ್ಲ. ಆದ್ರೆ ಜೀವ ಇರೋದನ್ನ ಅಕ್ಕರೆಯಿಂದ ಮೈತೊಳೆದು ತಯಾರು ಮಾಡೋದಿದ್ಯಲ್ಲ, ಅದಕ್ಕೆ ಸಿಂಗಾರದ ಮುಂದೆ ಅಲಂಕಾರ ಸಪ್ಪೆ.

ಬಿಜಾಪುರ ಮಂದಿ:
ಕಾರಹುಣ್ಣಿಮಿಗೆ ಎತ್ತಿನ ಮೈ ತೊಳದು, ಕೋಡಿಗೆ ಬಣ್ಣ ಹಚ್ಚಿ, ತುದಿಗೆ ಹಿತ್ತಾಳಿ ಕೋಡಣಸು ಹಾಕಿ, ಹಣಿಗೆ ಗೊಂಡೆ, ಕೊಳ್ಳಾಗ ಗೆಜ್ಜಿಸರ, ಬೆನ್ನ ಮ್ಯಾಲ ಝೂಲಾ ಹೊಚ್ಚಿ ಕರಿ ಹರಿಲಿಕ್ಕೆ ಹೊಡಕೊಂಡು ಹೋಗ್ತೀವಿ. "ಎತ್ತು ಸಿಂಗಾರ ಮಾಡೀರೇನು" ಅಂತನ ಎಲ್ಲಾರೂ ಕೇಳ್ತಾರ. ಹೆಣ್ಣಮಕ್ಕಳಿಗಷ್ಟ ಅಂತ ಯಾರ್ ಹೇಳ್ಯಾರ್ರೀ?

ತೋಟದಮನೆ:
ಮಲೆನಾಡಲ್ಲಿ ಬರೀ ಸಿಂಗಾರ ಅಂದ್ರೆ ಅಡಿಕೆ ಹೂಗೊನೆ ಮಾರಾಯ್ರೆ, ಸಿಂಗಾರ ಒಣಗ್ತಾ ಇದೆ ಏನು ಹೊಡಿಬೇಕು ಅಂತಲೇ ನಮ್ಮ ಮಾತು. "ಎತ್ತು" ಅನ್ನೋದನ್ನ ದೊಡ್ಡಕ್ಷರದಲ್ಲಿ ಹಾಕ್ಸಿ.

ಮೈಸೂರ್ ಪಾಕ:
"ಇವಳ ಸಿಂಗಾರ ಮುಗಿಯೋಷ್ಟ್ರಲ್ಲಿ ಬಸ್ ಹೋಯ್ತು" ಅಂತ ಆಡ್ಕೊಳ್ಳೋಕೂ ಅದೇ ಪದ ಅಲ್ವಾ, ಹುಡುಗ್ರ ತಲೆಲಿ ಅದು ಕೂತಿರ್ಬೇಕು. ದಸರಾ ಬಂದ್ರೆ ಪೇಪರ್‌ನೋರು "ಮದುವಣಗಿತ್ತಿಯಂತೆ ಸಿಂಗಾರಗೊಂಡ ಮೈಸೂರು" ಅಂತ ಬರೀತಾರೆ, ಊರಿಗೇ ಆಗುತ್ತೆ ಅಂದ್ರೆ ಎತ್ತಿಗೆ ಯಾಕಾಗಲ್ಲ. ಆದ್ರೂ ಮೇಷ್ಟ್ರೇ, ಅರಮನೆ ಬಲ್ಬಿಗೆ ಮಾತ್ರ ದೀಪಾಲಂಕಾರನೇ, ಅದು ಒಪ್ದೆ.

ಹಳ್ಳಿಹೈದ:
ಸರಿ, "ಎತ್ತುಗಳ ಸಿಂಗಾರ ಸ್ಪರ್ಧೆ" ಫೈನಲ್, ಸ್ಟೇಜ್ ಹೂವಿನೋರ ಹೆಸರು ಮುಂದೆ ಮಾತ್ರ ಅಲಂಕಾರ. ಬಿಜಾಪುರದಣ್ಣ, ಆ ಹಿತ್ತಾಳೆ ಕೋಡಣಸು ಎಲ್ಲಿ ಸಿಗುತ್ತೆ? ನಮ್ ಸಂತೆಲಿ ಬರೀ ಬಲೂನು, ಮಿಂಚೋ ಟೇಪು.